ಬೈಕ್ ಟ್ಯಾಂಕಿನ ನೆಗ್ಗು ಎತ್ತುವ ಗ್ಲೂ ಪುಲ್ಲರ್ ಕಿಟ್: ಕೊಡಗಿನ ಹವೆಯಲ್ಲಿ ಬಳಸಿದ ಅನುಭವ

ಬಣ್ಣ ಕೆಡಿಸದೆ ತಗಡಿನ ನೆಗ್ಗು ಎತ್ತುವ ಗ್ಲೂ ಪುಲ್ಲರ್ ಕಿಟ್‌ಗಳು ಈಗ ಹತ್ತಾರು ಹೆಸರುಗಳಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತವೆ. ಹೆಸರು ಯಾವುದಾದರೂ ಪೆಟ್ಟಿಗೆಯೊಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ: ಅಂಟು ಕರಗಿಸುವ ಗನ್, ಅಂಟಿನ ಕಡ್ಡಿಗಳು, ನೆಗ್ಗಿಗೆ ಅಂಟಿಸುವ ಬೇರೆ ಬೇರೆ ಅಳತೆಯ ಪ್ಲಾಸ್ಟಿಕ್ ಬಿಲ್ಲೆಗಳು, ಬಿಲ್ಲೆಯನ್ನು ಹಿಡಿದು ಮೇಲೆಳೆಯುವ ಎರಡು ಸಾಧನಗಳು (ಎರಡು ಕಾಲಿನ ಲಿಫ್ಟರ್ ಮತ್ತು ಟಿ ಆಕಾರದ ಸುತ್ತಿಗೆ), ಉಬ್ಬನ್ನು ತಟ್ಟಿ ಕೂರಿಸುವ ಒಂದು ಪೆನ್ನು. ಎರಡು ಸಾವಿರ ರೂಪಾಯಿಯೊಳಗೆ ದೊರೆತ ಇಂಥದೊಂದು ಕಿಟ್ಟನ್ನು ನಾನು ಮನೆಯ ಹಳೆಯ ಸ್ಪ್ಲೆಂಡರ್ ಟ್ಯಾಂಕಿನ ಮೇಲೂ, ನೆರೆಮನೆಯವರ ಬುಲೆಟ್ಟಿನ ಮೇಲೂ, ಗುಜರಿಯಿಂದ ತಂದ ಒಂದು ಟ್ಯಾಂಕಿನ ಮೇಲೂ ಬಳಸಿ ನೋಡಿದ್ದೇನೆ. ತೀರ್ಮಾನವನ್ನು ಮೊದಲೇ ಹೇಳುವುದಾದರೆ, ಎಳೆಯುವ ಸಾಧನಗಳು ಕೊಟ್ಟ ಹಣಕ್ಕೆ ಮೋಸವಿಲ್ಲದವು. ಗನ್ನೂ ಅಂಟೂ ಸಾಧಾರಣಕ್ಕಿಂತ ಕೆಳಗಿನವು. ಜೊತೆಗೆ ಬರುವ ಸೂಚನಾ ಹಾಳೆ ಪೆಟ್ರೋಲಿನ ವಿಷಯದಲ್ಲಿ ಒಂದು ಮಾತನ್ನೂ ಹೇಳದಿರುವುದು ಅಕ್ಷಮ್ಯ.

ನಮ್ಮ ಜಿಲ್ಲೆಯಲ್ಲಿ ಇಂಥ ಕಿಟ್ಟಿಗೆ ಬೇಡಿಕೆ ಇರುವುದು ಸಹಜ. ತೋಟದೊಳಗಿನ ಜಲ್ಲಿ ರಸ್ತೆಯಲ್ಲಿ ಬೈಕು ಜಾರಿ ಬಿದ್ದರೆ ಹ್ಯಾಂಡಲ್ ತಿರುಗಿ ಟ್ಯಾಂಕಿಗೆ ಬಡಿಯುತ್ತದೆ. ಮೆಣಸು ಕೊಯ್ಯುವ ಕಾಲದಲ್ಲಿ ಮರಕ್ಕೊರಗಿಸಿದ ಅಲ್ಯೂಮಿನಿಯಂ ಏಣಿ ಜಾರಿ ಕೆಳಗೆ ನಿಲ್ಲಿಸಿದ ಬೈಕಿನ ಮೇಲೆ ಬೀಳುವುದುಂಟು, ಮಳೆಗಾಲದ ಗಾಳಿಗೆ ಸಿಲ್ವರ್ ಓಕಿನ ಕೊಂಬೆ ಮುರಿದು ಬೀಳುವುದೂ ಉಂಟು. ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರ, ವಿರಾಜಪೇಟೆಗಳಲ್ಲಿ ಕೈಯಳತೆ ಬಲ್ಲ ಟಿಂಕರಿಂಗ್ ಕೆಲಸಗಾರರಿದ್ದಾರೆ. ಆದರೆ ಅವರು ನೆಗ್ಗು ತೆಗೆಯುವ ಕ್ರಮವೆಂದರೆ ಸಾಮಾನ್ಯವಾಗಿ ಬಣ್ಣ ಉಜ್ಜಿ, ಪುಟ್ಟಿ ತುಂಬಿ, ಮತ್ತೆ ಬಣ್ಣ ಹೊಡೆಯುವುದು. ಕಂಪನಿಯ ಮೂಲ ಬಣ್ಣಕ್ಕೆ ತಕ್ಕ ಛಾಯೆ ಬೇಕೆಂದರೆ ಎಷ್ಟೋ ಸಲ ಟ್ಯಾಂಕನ್ನು ಮೈಸೂರಿಗೆ ಕಳಿಸಬೇಕಾಗುತ್ತದೆ. ಅಂಗೈಯಗಲದ ಒಂದು ತಗ್ಗಿಗಾಗಿ ಇಡೀ ಟ್ಯಾಂಕಿನ ಮೂಲ ಬಣ್ಣವನ್ನು ಕಳೆದುಕೊಳ್ಳಲು ಮನಸ್ಸಾಗದವರಿಗೆ ಈ ಕಿಟ್ ಒಂದು ದಾರಿ.

ಎಲ್ಲ ನೆಗ್ಗುಗಳಿಗೂ ಅಲ್ಲ ಎಂಬುದನ್ನು ಮಾತ್ರ ಒತ್ತಿ ಹೇಳಬೇಕು. ಏಣಿಯೋ ಮೊಣಕಾಲೋ ಬಡಿದು ಆದ ಅಗಲವಾದ, ಆಳವಿಲ್ಲದ, ಅಂಚು ಮೃದುವಾದ ತಗ್ಗಿನಲ್ಲಿ ತಗಡು ಬಾಗಿರುತ್ತದೆಯೇ ಹೊರತು ಹೆಚ್ಚು ಹಿಗ್ಗಿರುವುದಿಲ್ಲ. ಅದಕ್ಕೆ ತನ್ನ ಮೊದಲಿನ ಆಕಾರಕ್ಕೆ ಮರಳುವ ಒಲವು ಇನ್ನೂ ಇರುತ್ತದೆ. ಹ್ಯಾಂಡಲಿನ ತುದಿ, ಕಲ್ಲಿನ ಮೂಲೆ ಬಡಿದು ಆದ ಚೂಪು ಗೆರೆಯಂಥ ನೆಗ್ಗಿನಲ್ಲಿ ತಗಡು ಹಿಗ್ಗಿ, ಮಡಿಕೆಯ ಜಾಗದಲ್ಲಿ ಗಡುಸಾಗಿಬಿಟ್ಟಿರುತ್ತದೆ. ಅದನ್ನು ಅಂಟಿನಿಂದ ಎಳೆದರೆ ಅಕ್ಕಪಕ್ಕದ ತಗಡು ಏಳುತ್ತದೆ, ಗೆರೆ ಹಾಗೆಯೇ ಉಳಿಯುತ್ತದೆ. ಟ್ಯಾಂಕಿನ ಅಂಚಿನ ಬೆಸುಗೆಯ ಹತ್ತಿರ, ವಿನ್ಯಾಸಕ್ಕಾಗಿ ಎಬ್ಬಿಸಿದ ಅಂಚಿನ ಮೇಲೆ ಆದ ನೆಗ್ಗುಗಳೂ ಹೀಗೆಯೇ. ಕಾರಿನ ಬಾಗಿಲಿನಲ್ಲಿ ಈ ಕಿಟ್ ಪವಾಡದಂತೆ ಕೆಲಸ ಮಾಡುವ ವಿಡಿಯೊ ನೋಡಿ ಟ್ಯಾಂಕಿನಲ್ಲೂ ಅದೇ ಆಗುತ್ತದೆಂದು ಭಾವಿಸುವುದು ಸರಿಯಲ್ಲ. ಬಾಗಿಲಿನ ತಗಡು ಬಹುತೇಕ ಚಪ್ಪಟೆ. ಟ್ಯಾಂಕು ಎರಡೂ ದಿಕ್ಕಿಗೆ ಬಾಗಿರುವ ಮೈ, ಆದ್ದರಿಂದ ಅದು ಹೆಚ್ಚು ಬಿಗಿ. ಇದಲ್ಲದೆ ಬಾಗಿಲಿನ ಒಳಗೆ ಕಂಬಿ ತೂರಿಸಿ ಹಿಂದಿನಿಂದ ಒತ್ತಬಹುದು. ಟ್ಯಾಂಕಿನಲ್ಲಿ ಪೆಟ್ರೋಲ್ ಹಾಕುವ ಬಾಯಿಯೊಂದೇ ದೊಡ್ಡ ದಾರಿ, ಫ್ರೇಮಿನ ಮೇಲೆ ಕೂರುವ ಒಳತಗಡು ಉಳಿದದ್ದನ್ನು ಮುಚ್ಚಿರುತ್ತದೆ.

ಯಾವ ಜಾತಿಯ ನೆಗ್ಗು ಎಂದು ತಿಳಿಯಲು ಬೆರಳಿಗಿಂತ ಬೆಳಕನ್ನು ನಂಬಬೇಕು. ಟ್ಯಾಂಕನ್ನು ತೊಳೆದು ಒರೆಸಿ, ಕತ್ತಲೆಯ ಕೋಣೆಯಲ್ಲಿ ಒಂದು ಎಲ್‌ಇಡಿ ಟ್ಯೂಬ್‌ಲೈಟಿನ ಪ್ರತಿಬಿಂಬ ನೆಗ್ಗಿನ ಮೇಲೆ ಹಾಯುವಂತೆ ಹಿಡಿಯಿರಿ. ಮೃದುವಾದ ತಗ್ಗಿನಲ್ಲಿ ಬೆಳಕಿನ ಪಟ್ಟಿ ನಿಧಾನವಾಗಿ ಅಗಲವಾಗಿ ಮತ್ತೆ ಕಿರಿದಾಗುತ್ತದೆ. ಮಡಿಕೆಯಿದ್ದಲ್ಲಿ ಥಟ್ಟನೆ ಮುರಿಯುತ್ತದೆ. ಅದೇ ಹೊತ್ತಿಗೆ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವೊಂದನ್ನು ಟ್ಯಾಂಕಿನ ಮೇಲೆಲ್ಲ ಓಡಿಸಬೇಕು. ಎಲ್ಲಿ ಅದರ ಹಿಡಿತ ಸಡಿಲವಾಗುತ್ತದೋ ಅಲ್ಲಿ ಹಿಂದೆಂದೋ ಪುಟ್ಟಿ ತುಂಬಿದ್ದಾರೆ ಎಂದರ್ಥ, ಮತ್ತು ಅಲ್ಲಿ ಅಂಟು ಹಚ್ಚಿ ಎಳೆದರೆ ತಗಡು ಏಳುವ ಮೊದಲು ಬಣ್ಣವೂ ಪುಟ್ಟಿಯೂ ಬಿಲ್ಲೆಯ ಜೊತೆ ಕಿತ್ತುಬರುತ್ತವೆ. ಗುಜರಿಯ ಟ್ಯಾಂಕಿನಲ್ಲಿ ಇದನ್ನು ಬೇಕೆಂದೇ ಮಾಡಿ ನೋಡಿದೆ: ಬಿಲ್ಲೆಯ ಅಡಿಯಲ್ಲಿ ಕೆಂಪು ಬಣ್ಣ, ಅದರ ಕೆಳಗೆ ಬೂದು ಪ್ರೈಮರ್, ಅದಕ್ಕೂ ಕೆಳಗೆ ಹಳದಿ ಪುಟ್ಟಿಯ ಪದರ, ಎಲ್ಲವೂ ನಾಣ್ಯದಗಲ ಒಂದಾಗಿ ಬಂದವು. ಹೀಗಾಗಿ ಒಮ್ಮೆಯಾದರೂ ಊರಿನಲ್ಲಿ ಬಣ್ಣ ಹೊಡೆಸಿದ ಟ್ಯಾಂಕಿಗೆ ಈ ಕಿಟ್ ಬೇಡ. ಇತ್ತೀಚಿನ ಹಲವು ಬೈಕುಗಳಲ್ಲಿ ಟ್ಯಾಂಕಿನ ಹೊರಮೈಯಂತೆ ಕಾಣುವುದು ಪ್ಲಾಸ್ಟಿಕ್ ಕವಚ. ಅಂಥಲ್ಲಿ ಅಯಸ್ಕಾಂತ ಅಂಟುವುದೇ ಇಲ್ಲ, ಅದಕ್ಕೆ ಕಿಟ್ಟಿನ ಅಗತ್ಯವೂ ಇಲ್ಲ.

ಇನ್ನು ಪೆಟ್ರೋಲಿನ ಮಾತು. ಕಿಟ್ಟಿನ ಹಾಳೆಯಲ್ಲಿ ಕಾರಿನ ಬಾಗಿಲು, ಬಾನೆಟ್, ಫ್ರಿಜ್ ಜೊತೆಗೆ ಬೈಕ್ ಟ್ಯಾಂಕಿನ ಚಿತ್ರವನ್ನೂ ಅಚ್ಚು ಹಾಕಿದ್ದಾರೆ. ಟ್ಯಾಂಕನ್ನು ಬರಿದು ಮಾಡಿ ಎಂಬ ಒಂದು ಸಾಲೂ ಅಲ್ಲಿಲ್ಲ. ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ತಾಪದಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಡಿ ದೂರದ ಪ್ಲಗ್ಗಿನವರೆಗೂ ಹೋಗಬಲ್ಲದು. ಗಾಳಿಯಲ್ಲಿ ಅದರ ಪ್ರಮಾಣ ಶೇಕಡ 1.4ರಿಂದ 7.6ರ ಒಳಗಿದ್ದರೆ ಒಂದು ಕಿಡಿ ಸಾಕು. ತುಂಬಿದ ಟ್ಯಾಂಕಿನೊಳಗೆ ಆವಿ ಇದಕ್ಕಿಂತ ದಟ್ಟವಾಗಿರುವುದರಿಂದ, ಪೆಟ್ರೋಲ್ ಬಸಿದು ತೊಳೆಯದೆ ಹಾಗೆಯೇ ಬಿಟ್ಟ ಖಾಲಿ ಟ್ಯಾಂಕೇ ಹೆಚ್ಚು ಅಪಾಯಕಾರಿ. ಅಂಟಿನ ಗನ್ನಿನ ಮೂತಿ 200 ಡಿಗ್ರಿಯ ಹತ್ತಿರ ಕಾಯುತ್ತದೆ. ಅದರ ಸ್ವಿಚ್ಚಿನಲ್ಲಿ, ಸಡಿಲವಾದ ಸಾಕೆಟ್ಟಿನಲ್ಲಿ ಕಿಡಿ ಹಾರುವುದು ಎಲ್ಲರ ಮನೆಯಲ್ಲೂ ನಡೆಯುವ ಸಂಗತಿ. ಇಷ್ಟನ್ನೂ ತಿಳಿಯದ ಹುಡುಗನೊಬ್ಬ ಬೈಕಿನ ಮೇಲೆಯೇ ಟ್ಯಾಂಕನ್ನಿಟ್ಟು, ಮುಚ್ಚಿದ ಗ್ಯಾರೇಜಿನಲ್ಲಿ ಗನ್ ಹಿಡಿದು ಕೂತರೆ ಏನಾಗಬಹುದೆಂದು ಮಾರುವವರು ಯೋಚಿಸಬೇಕಿತ್ತು.

ಆದ್ದರಿಂದ ಟ್ಯಾಂಕನ್ನು ಬಿಚ್ಚಿ ಹೊರಗೆ ತರಲೇಬೇಕು. ಸ್ಪ್ಲೆಂಡರಿನಲ್ಲಿ ಸೀಟು ತೆಗೆದರೆ ಹಿಂಬದಿಯ ಒಂದು ಬೋಲ್ಟು, ಪೆಟ್ರೋಲ್ ಪೈಪು, ಅಳತೆಯ ಮುಳ್ಳಿಗೆ ಹೋಗುವ ವೈರು. ಮುಂಭಾಗ ರಬ್ಬರಿನ ಮೇಲೆ ಕೂತಿರುವುದರಿಂದ ಹಿಂದಕ್ಕೆ ಎಳೆದರೆ ಬರುತ್ತದೆ. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬಿಎಸ್-6 ಹೊಗೆ ಮಾಲಿನ್ಯ ನಿಯಮದ ನಂತರದ ಬೈಕುಗಳಲ್ಲಿ ಸಾಮಾನ್ಯವಾಗಿ ಪಂಪು ಟ್ಯಾಂಕಿನೊಳಗೇ ಇರುತ್ತದೆ, ಪೈಪಿನಲ್ಲಿ ಒತ್ತಡವೂ ಇರುತ್ತದೆ. ಆ ಕೆಲಸವನ್ನು ಅರಿತ ಮೆಕ್ಯಾನಿಕ್ಕರಿಂದ ಮಾಡಿಸುವುದು ಲೇಸು. ಬಸಿದ ಪೆಟ್ರೋಲನ್ನು ನೀರಿನ ಬಾಟಲಿಯಲ್ಲಿ ತುಂಬಿಡದೆ ಗಟ್ಟಿ ಮುಚ್ಚಳದ ಕ್ಯಾನಿನಲ್ಲಿ ಹಾಕಿ, ಒಲೆ, ದೀಪ, ಕರೆಂಟಿನಿಂದ ದೂರ ಇಡಬೇಕು. ಬಳಿಕ ಪೆಟ್ರೋಲಿನ ಮಟ್ಟ ಅಳೆಯುವ ಘಟಕ ಬಿಚ್ಚಿ, ಸೋಪಿನ ನೀರು ತುಂಬಿ ಅಲುಗಾಡಿಸಿ ಚೆಲ್ಲಿ, ವಾಸನೆ ಪೂರ್ತಿ ಹೋಗುವವರೆಗೆ ತೊಳೆದು, ಕಾಫಿ ಕಣದಂಥ ಬಯಲಿನಲ್ಲಿ ಬಾಯಿ ತೆರೆದು ಬಿಸಿಲಿಗಿಡಬೇಕು. ಬರೀ ಪೆಟ್ರೋಲ್ ಕಾಕ್ ಮಾತ್ರ ಇರುವ ಹಳೆಯ ಟ್ಯಾಂಕಾದರೆ ಇನ್ನೂ ಒಂದು ಒಳ್ಳೆಯ ಉಪಾಯವಿದೆ: ತೊಳೆದ ನಂತರ ಅದರ ತುಂಬ ಉಗುರುಬೆಚ್ಚಗಿನ ನೀರು ತುಂಬಿಸಿ ಕೆಲಸ ಮಾಡುವುದು. ಆವಿಗೆ ಒಳಗೆ ಜಾಗವೇ ಉಳಿಯುವುದಿಲ್ಲ, ಭಾರದಿಂದ ಟ್ಯಾಂಕು ಅಲ್ಲಾಡದೆ ಕೂರುತ್ತದೆ, ತಗಡೂ ಬೆಚ್ಚಗಿರುತ್ತದೆ.

ತಗಡು ಬೆಚ್ಚಗಿರಬೇಕೆಂದು ಹೇಳಲು ಕಾರಣ ನಮ್ಮ ಹವೆ. ಈ ಕಿಟ್ಟಿನ ಯಶಸ್ಸಿನಲ್ಲಿ ಕೈಚಳಕಕ್ಕಿಂತ ಹವೆಯ ಪಾಲೇ ಹೆಚ್ಚೆಂದು ನನಗೆ ಮನವರಿಕೆಯಾಗಿದೆ. ಕರಗಿಸಿ ಹಚ್ಚುವ ಅಂಟು ತಗಡು 20ರಿಂದ 30 ಡಿಗ್ರಿಯಷ್ಟಿದ್ದಾಗ ಚೆನ್ನಾಗಿ ಹಿಡಿಯುತ್ತದೆ. ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ ತಣ್ಣನೆಯ ತಗಡಿಗೆ ತಾಗಿದ ಕೂಡಲೇ ಅಂಟು ಮೈ ಹರಡುವ ಮುನ್ನವೇ ಸೆಟೆದುಕೊಳ್ಳುತ್ತದೆ. ಎಳೆದಾಗ ತಗಡನ್ನು ಕದಲಿಸದೆ ಟಪ್ಪೆಂದು ಬಿಟ್ಟುಕೊಳ್ಳುತ್ತದೆ. ಕುಶಾಲನಗರದ ಕಡೆಯ ಏಪ್ರಿಲ್ ಮಧ್ಯಾಹ್ನದಲ್ಲಿ ಬಿಸಿಲಿಗಿಟ್ಟ ಟ್ಯಾಂಕಿನ ಮೇಲೆ ಇದಕ್ಕೆ ತಿರುಗುಮುರುಗಾಗಿ ಅಂಟು ಗಟ್ಟಿಯಾಗದೆ ಎಳೆಎಳೆಯಾಗಿ ಹಿಗ್ಗುತ್ತದೆ. ಇವೆರಡಕ್ಕಿಂತ ಕೆಟ್ಟದ್ದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು ಮನೆಯೊಳಗೇ ಬಂದಿರುವಾಗ ತಗಡಿನ ಮೇಲೆ ಕಣ್ಣಿಗೆ ಕಾಣದ ತೇವದ ಪೊರೆಯಿರುತ್ತದೆ. ಎಷ್ಟು ಒರೆಸಿದರೂ ಮತ್ತೆ ಕೂರುತ್ತದೆ, ಅಂಟು ಬಣ್ಣಕ್ಕೆ ಹಿಡಿಯುವುದೇ ಇಲ್ಲ. ಅದರ ಮೇಲೆ ಗಾಳಿಮಳೆಗೆ ಕರೆಂಟ್ ಹೋದರೆ ಗನ್ ಅರ್ಧದಲ್ಲೇ ತಣ್ಣಗಾಗುತ್ತದೆ. ಭಾಗಮಂಡಲ, ನಾಪೋಕ್ಲು, ಮಡಿಕೇರಿ ಕಡೆಯವರು ಈ ಕೆಲಸವನ್ನು ಫೆಬ್ರುವರಿ, ಮಾರ್ಚ್ ತಿಂಗಳಿಗೆ ಇಟ್ಟುಕೊಳ್ಳುವುದು ಉತ್ತಮ. ಮಳೆಗಾಲದಲ್ಲೇ ಆಗಬೇಕೆಂದರೆ, ತೊಳೆದು ಒಣಗಿಸಿದ ಟ್ಯಾಂಕಿನ ಹೊರಮೈಯನ್ನು ಹೇರ್ ಡ್ರೈಯರಿನಿಂದ ಕೈಗೆ ಹಿತವಾಗುವಷ್ಟು ಬಿಸಿ ಮಾಡಿ, ತಡಮಾಡದೆ ಅಂಟು ಹಚ್ಚಬೇಕು.

ಸ್ಪ್ಲೆಂಡರಿನ ಬಲಬದಿಯಲ್ಲಿದ್ದದ್ದು ಏಣಿ ಬಿದ್ದು ಆದ, ಅಂಗೈಯಗಲದ, ಮೃದುವಾದ ತಗ್ಗು. ಮೊದಲು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಮೇಣ, ಪಾಲಿಶ್, ಬೆರಳಿನ ಜಿಡ್ಡನ್ನೆಲ್ಲ ತೆಗೆದೆ. ಬಿಲ್ಲೆಯ ಮೈಗೆ ಅಂಟನ್ನು ನಡುವಿನಿಂದ ಹೊರಕ್ಕೆ ಸುತ್ತಿ ಹಾಕಿ, ತಗ್ಗಿನ ಅತಿ ಆಳದ ಜಾಗಕ್ಕೆ ಹಗುರವಾಗಿ ಇರಿಸಬೇಕು. ಒತ್ತಿ ಹಿಡಿದರೆ ಅಂಟೆಲ್ಲ ಹೊರಕ್ಕೆ ಹರಿದು ಎಳೆಯಲು ಏನೂ ಉಳಿಯುವುದಿಲ್ಲ. ಬಿಲ್ಲೆಯ ಅಂಚಿನಿಂದ ಇಣುಕುವ ಅಂಟು ಹೊಳಪು ಕಳೆದುಕೊಂಡು ಮಸುಕಾಗಿ, ಮುಟ್ಟಿದರೆ ತಣ್ಣಗೆನಿಸಿದಾಗ ಎಳೆಯುವ ಹೊತ್ತು ಬಂದಿತೆಂದು ತಿಳಿಯಬಹುದು. ಎರಡು ಕಾಲಿನ ಲಿಫ್ಟರಿನ ತಿರುಪನ್ನು ಕಾಲುಸುತ್ತಿನಂತೆ ತಿರುಗಿಸುತ್ತ ಹೋದರೆ ತಗಡಿನಿಂದ ಕ್ಷೀಣವಾದ ಒಂದು ಕಿರ್ ಸದ್ದು ಬರುತ್ತದೆ. ಆ ಸದ್ದಾದಾಗ ತಿರುವುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಹಾಗೆಯೇ ಎಳೆತದಲ್ಲಿ ಬಿಟ್ಟರೆ ಲೋಹ ತಾನಾಗಿ ಸಡಿಲುತ್ತದೆ. ಬಿಲ್ಲೆ ಕಳಚಲು ಕೀಳಬಾರದು, ಅಂಚಿಗೆ ಆಲ್ಕೋಹಾಲ್ ಬಿಟ್ಟು ಅದು ಒಳಗೆ ಇಳಿಯುವವರೆಗೆ ಕಾದು ಪ್ಲಾಸ್ಟಿಕ್ ಪಟ್ಟಿಯಿಂದ ಸರಿಸಬೇಕು. ಆಲ್ಕೋಹಾಲೂ ಬೆಂಕಿಗೆ ಹತ್ತುವ ವಸ್ತುವೇ ಆದ್ದರಿಂದ ಆಗ ಗನ್ ಆರಿಸಿ ದೂರವಿಟ್ಟಿರಬೇಕು.

ತಗ್ಗಿನ ಸುತ್ತ ಕೆರೆಯ ಏರಿಯಂತೆ ಎದ್ದಿರುವ ಉಬ್ಬನ್ನು ಹೆಚ್ಚಿನವರು ಗಮನಿಸುವುದಿಲ್ಲ, ಕಿಟ್ಟಿನ ಹಾಳೆಯೂ ಅದನ್ನು ಹೇಳುವುದಿಲ್ಲ. ಗೋಣಿಕೊಪ್ಪದ ಹಿರಿಯ ಟಿಂಕರಿಂಗ್ ಕೆಲಸಗಾರರೊಬ್ಬರು ನನ್ನ ಟ್ಯಾಂಕನ್ನು ಬೆಳಕಿಗೆ ಹಿಡಿದು ನೋಡಿ, “ಸುತ್ತಲಿನ ಉಬ್ಬು ಇಳಿಸದೆ ನಡುವನ್ನು ಎಳೀಬೇಡಿ ಸಾರ್, ಉಬ್ಬು ತಗ್ಗನ್ನು ಹಿಡಿದಿಟ್ಟಿರುತ್ತೆ” ಎಂದರು. ಅವರ ಮಾತು ಅಕ್ಷರಶಃ ನಿಜ. ಎಳೆತದಲ್ಲಿರುವಾಗಲೇ ಪೆನ್ನಿನ ಪ್ಲಾಸ್ಟಿಕ್ ತುದಿಯನ್ನು ಉಬ್ಬಿನ ಮೇಲಿಟ್ಟು, ಸಣ್ಣ ಸುತ್ತಿಗೆಯಿಂದ ಹಗುರವಾಗಿ ತಟ್ಟುತ್ತ ಸುತ್ತು ಬಂದರೆ, ತಗ್ಗು ಹೆಚ್ಚು ಬಲವಿಲ್ಲದೆ ಮೇಲೇಳುತ್ತದೆ. ಕೊನೆಯಲ್ಲಿ ತಗಡು ಕೂದಲೆಳೆಯಷ್ಟು ಹೆಚ್ಚಾಗಿ ಎದ್ದರೂ ಚಿಂತೆಯಿಲ್ಲ, ತಟ್ಟಿ ಇಳಿಸಬಹುದು. ಈಗ ಆ ಟ್ಯಾಂಕನ್ನು ಎದುರಿನಿಂದ ನೋಡಿದರೆ ನೆಗ್ಗು ಕಾಣುವುದಿಲ್ಲ. ಟ್ಯೂಬ್‌ಲೈಟ್ ಹಿಡಿದರೆ ಪಟ್ಟಿಯಲ್ಲಿ ಸಣ್ಣದೊಂದು ಅಲೆ ಉಳಿದಿದೆ. ಬಣ್ಣ ಒಂದು ಚೂರೂ ಕೆಟ್ಟಿಲ್ಲ. ಈ ಬೆಲೆಯ ಸಾಧನದಿಂದ ಇದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಬುಲೆಟ್ಟಿನ ಫಲಿತಾಂಶ ಬೇರೆ. ಅಲ್ಲಿ ಎರಡು ನೆಗ್ಗುಗಳಿದ್ದವು. ಮೇಲ್ಭಾಗದ ಅಗಲ ತಗ್ಗು ಮುಕ್ಕಾಲು ಪಾಲು ಎದ್ದಿತು. ಹ್ಯಾಂಡಲ್ ಬಡಿದ ಮುಂಭಾಗದ ಚೂಪು ಗೆರೆಯಲ್ಲಿ ಸಣ್ಣ ಬಿಲ್ಲೆ, ಉದ್ದ ಬಿಲ್ಲೆ, ಲಿಫ್ಟರ್, ಹಿಡಿಯ ಮೇಲೆ ತೂಕ ಜಾರಿಸಿ ಬಡಿಯುವ ಟಿ ಆಕಾರದ ಸುತ್ತಿಗೆ ಎಲ್ಲವೂ ಸೋತವು. ಆಳ ಕಡಿಮೆಯಾಯಿತು, ಗೆರೆ ಮಾತ್ರ ಹೋಗಲಿಲ್ಲ. “ಇಷ್ಟು ಸಾಕು ಬಿಡಣ್ಣ, ಬಣ್ಣ ಉಳೀತಲ್ಲ” ಎಂದು ನೆರೆಮನೆಯವರು ಸಮಾಧಾನಪಟ್ಟರು. ಲಿಫ್ಟರಿನ ಮುಖ್ಯ ಕೊರತೆ ಅಲ್ಲಿ ತಿಳಿಯಿತು: ಅದರ ಕಾಲುಗಳು ಚಪ್ಪಟೆ ಮೈಗೆಂದು ಮಾಡಿದವು, ಟ್ಯಾಂಕಿನ ಬಾಗಿದ ಮೈಮೇಲೆ ಒಂದು ಕಾಲು ಜಾರಿ ಎಳೆತ ಓರೆಯಾಗುತ್ತದೆ. ಕಾಲಿನಡಿ ಹಳೆಯ ಟ್ಯೂಬಿನ ರಬ್ಬರನ್ನು ಮಡಿಸಿ ಇಟ್ಟು ಎತ್ತರ ಸರಿಮಾಡಿದರೆ ಕೆಲಸ ನಡೆಯುತ್ತದೆ. ಟಿ ಸುತ್ತಿಗೆ ಬಳಸುವಾಗ ಟ್ಯಾಂಕನ್ನು ಇನ್ನೊಬ್ಬರು ಗೋಣಿಚೀಲದ ಮೇಲೆ ಒತ್ತಿ ಹಿಡಿದಿರಬೇಕು. ಒಬ್ಬರೇ ಮಾಡುವ ಕೆಲಸವಲ್ಲ.

ಕಿಟ್ ಕೊಳ್ಳುವ ಬದಲು ಪ್ರಯೋಗಿಸಿ ನೋಡಲು ಜನ ಸೂಚಿಸುವ ಉಪಾಯಗಳ ಬಗ್ಗೆಯೂ ಹೇಳಬೇಕು. ರಬ್ಬರ್ ಬಟ್ಟಲಿನಿಂದ ಗಾಳಿ ಹೀರಿ ಎಳೆಯುವುದು ಬಾಗಿದ ಮೈಯಲ್ಲಿ ಹಿಡಿಯುವುದೇ ಇಲ್ಲ. ಬಿಸಿ ಮಾಡಿ ತಕ್ಷಣ ತಣ್ಣಗೆ ಮಾಡುವುದರಿಂದ ಉಕ್ಕಿನ ಟ್ಯಾಂಕಿನ ನೆಗ್ಗು ಏಳುವುದನ್ನು ನಾನು ಕಂಡಿಲ್ಲ, ಬಣ್ಣಕ್ಕೆ ಅದರಿಂದ ಹಾನಿ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಟ್ಯಾಂಕಿಗೆ ಗಾಳಿ ತುಂಬಿ ನೆಗ್ಗು ಹೊರಕ್ಕೆ ತಳ್ಳಿಸುವ ಪ್ರಯತ್ನ ಎಲ್ಲಕ್ಕಿಂತ ಅಪಾಯಕಾರಿ. ಲೆಕ್ಕ ಹಾಕಿ ನೋಡಿ: ಚದರ ಸೆಂಟಿಮೀಟರಿಗೆ ಒಂದು ಕಿಲೋದಷ್ಟು ಒತ್ತಡ ಕೊಟ್ಟರೂ 30 ಸೆಂಟಿಮೀಟರ್ ಉದ್ದಗಲದ ತಗಡಿನ ಮೇಲೆ ಬೀಳುವ ಬಲ 900 ಕಿಲೋ. ನೆಗ್ಗು ಏಳುವ ಮೊದಲು ಒಳಗಿನ ಚಪ್ಪಟೆ ತಗಡು ಉಬ್ಬಿ ಟ್ಯಾಂಕು ಫ್ರೇಮಿನ ಮೇಲೆ ಕೂರದಂತಾಗುತ್ತದೆ, ಇಲ್ಲವೇ ಬೆಸುಗೆ ಬಿಡುತ್ತದೆ. ಬೆಸುಗೆ ಹಾಕಿ ಕಂಬಿ ಎಳೆಯುವ ಕ್ರಮವನ್ನು ಮನೆಯಲ್ಲಿ ಯಾರೂ ಯೋಚಿಸಲೂಬಾರದು.

ತೊಳೆದ ಟ್ಯಾಂಕನ್ನು ಒಣಗಿಸುವುದಕ್ಕೆ ನೆಗ್ಗು ತೆಗೆಯುವಷ್ಟೇ ಗಮನ ಕೊಡಬೇಕು. ಬೆತ್ತಲೆ ಉಕ್ಕು ನಮ್ಮ ತೇವದ ಗಾಳಿಯಲ್ಲಿ ಒಂದು ರಾತ್ರಿಯಲ್ಲೇ ತುಕ್ಕು ಹಿಡಿಯುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಇರುವುದರಿಂದ ಅಪಾಯ ಇನ್ನೂ ಹೆಚ್ಚು: ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ನೀರು ಮಿತಿ ಮೀರಿದಾಗ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತವೆ, ಎಂಜಿನ್ನಿಗೆ ಹೋಗುವ ಮೊದಲ ಗುಟುಕು ಅದೇ ಆಗುತ್ತದೆ. ಬಿಸಿಲಿನಲ್ಲಿ ಒಣಗಿಸಿ, ಡ್ರೈಯರಿನ ಬಿಸಿ ಗಾಳಿ ಬಿಟ್ಟು, ಕೊನೆಗೆ ಒಂದಿಷ್ಟು ಹೊಸ ಪೆಟ್ರೋಲ್ ಹಾಕಿ ಅಲುಗಾಡಿಸಿ ಬಸಿದು ತೆಗೆದ ಮೇಲೆಯೇ ಟ್ಯಾಂಕನ್ನು ಕೂರಿಸಬೇಕು. ಡ್ರೈಯರನ್ನು ಬಳಸುವುದು ಪೆಟ್ರೋಲ್ ಮುಟ್ಟುವ ಮುನ್ನವೇ, ಆ ಬಳಿಕ ಅಲ್ಲ. ಪೈಪು ಜೋಡಿಸಿ, ಕಾಕ್ ತೆರೆದು, ಸೋರಿಕೆ ಇಲ್ಲವೆಂದು ಖಚಿತವಾದ ನಂತರ ಸೀಟು ಹಾಕಬೇಕು.

ಕೊಳ್ಳುವವರು ಗಮನಿಸಬೇಕಾದದ್ದು ಬಿಲ್ಲೆಗಳ ಸಂಖ್ಯೆಯನ್ನಲ್ಲ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಸಂಖ್ಯೆಯಲ್ಲಿ ಅರ್ಧದಷ್ಟು ಬಿಲ್ಲೆಗಳು ಒಂದೇ ಅಳತೆಯವು, ಟ್ಯಾಂಕಿಗೆ ಉಪಯೋಗಕ್ಕೆ ಬರುವವು ಸಣ್ಣ ದುಂಡನೆಯ ನಾಲ್ಕಾರು ಮಾತ್ರ. ಗನ್ 11 ಮಿಲಿಮೀಟರ್ ದಪ್ಪದ ಕಡ್ಡಿ ಹಿಡಿಯುವಂತಿರಬೇಕು; 7 ಮಿಲಿಮೀಟರಿನ ಆಟಿಕೆಯಂಥ ಗನ್ ಅಂಟನ್ನು ಸಾಕಷ್ಟು ಬೇಗ ಹೊರಬಿಡುವುದಿಲ್ಲ, ಬಿಲ್ಲೆಯ ಅರ್ಧ ತುಂಬುವಷ್ಟರಲ್ಲಿ ಮೊದಲು ಹಾಕಿದ್ದು ತಣ್ಣಗಾಗಿರುತ್ತದೆ. ಕಿಟ್ಟಿನಲ್ಲಿ ಬರುವ ಪಾರದರ್ಶಕ ಕಡ್ಡಿ ಕರಕುಶಲ ಕೆಲಸಕ್ಕೆ ಮಾರುವ ಸಾಮಾನ್ಯ ಅಂಟು. ನೆಗ್ಗು ಎತ್ತಲೆಂದೇ ತಯಾರಿಸಿದ ಕಡ್ಡಿಗಳನ್ನು ಬೇರೆಯಾಗಿ ತರಿಸಿದಾಗ ಹಿಡಿತದಲ್ಲಿ ಆದ ವ್ಯತ್ಯಾಸ ಬಹಳ. ಗನ್ನಿಲ್ಲದೆ ಲಿಫ್ಟರ್, ಬಿಲ್ಲೆ, ಪೆನ್ನು ಮಾತ್ರ ಇರುವ ಕಿಟ್ಟನ್ನು ಕಡಿಮೆ ಬೆಲೆಗೆ ಕೊಂಡು, ಗನ್ನನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ, ಆಲ್ಕೋಹಾಲನ್ನು ಔಷಧಿ ಅಂಗಡಿಯಿಂದ ತಂದು, ಅಂಟಿನ ಮೇಲೆ ನಾಲ್ಕು ಕಾಸು ಹೆಚ್ಚು ಖರ್ಚು ಮಾಡುವುದೇ ನಾನು ಶಿಫಾರಸು ಮಾಡುವ ಕ್ರಮ. ಟ್ಯಾಂಕಿನಲ್ಲಿ ಚೂಪು ಗೆರೆಯ ನೆಗ್ಗು ಮಾತ್ರ ಇರುವವರು ಕಿಟ್ಟಿಗೆ ಹಣ ಹಾಕದೆ ಆ ಹಣವನ್ನು ಒಳ್ಳೆಯ ಟಿಂಕರಿಂಗ್ ಕೆಲಸಗಾರರಿಗೇ ಕೊಡಲಿ.